ಹುಣಸೆಯ ಹುಳಿ, ವೂವ್ರೆಯ ಹುಳಿ

ಮುಂಬಯಿಯ ಫೋರ್ಟ್ ಭಾಗದಲ್ಲಿ ಮಂಗಳೂರು ಮೀನಿನ ಹೋಟೆಲು ಯಾವುದೇ ಇರಲಿ, ಅಂಜಲ್ ತವಾ ಫ್ರೈ ತರಿಸಿದರೆ ತಟ್ಟೆಯ ಅಂಚಿನಲ್ಲಿ ಒಂದು ಹೋಳು ಲಿಂಬೆ ಬಂದೇ ಬರುತ್ತದೆ. ಕೇಳಬೇಕಾಗಿಲ್ಲ. ಗಸಿ ತರಿಸಿದರೆ ಲಿಂಬೆ ಬೇಕಾಗುವುದಿಲ್ಲ. ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿಯ ಜೊತೆ ಹುಣಸೆಹಣ್ಣನ್ನೂ ಅರೆದೇ ಮಸಾಲೆ ಮಾಡಿರುತ್ತಾರೆ. ಪಕ್ಕದ ಮೇಜಿನವರು ಸೋಲ್‌ಕಡಿ ಕುಡಿಯುತ್ತಿದ್ದರೆ ಅದರಲ್ಲಿ ಪುನರ್ಪುಳಿ. ಮೀನು ಇದ್ದಲ್ಲೆಲ್ಲ ಹುಳಿ ಇದೆ. ಅದೂ ಪ್ರತಿ ಸಲ ಬೇರೆ ಬೇರೆ ಗಿಡದ ಹುಳಿ.

ಈ ಊಟ ಇಲ್ಲಿಗೆ ಬಂದದ್ದು ಕರಾವಳಿಯ ಹುಡುಗರ ಜೊತೆ. ಹಗಲಿಡೀ ಹೋಟೆಲಿನಲ್ಲಿ ದುಡಿದು ಸಂಜೆ ಫೋರ್ಟಿನ ರಾತ್ರಿ ಶಾಲೆಗಳಲ್ಲಿ ಕನ್ನಡದಲ್ಲಿ ಪಾಠ ಕಲಿತವರ ತಲೆಮಾರುಗಳೇ ಈ ನಗರದಲ್ಲಿವೆ. ಮೀನುಗಾರಿಕೆಯನ್ನೇ ಕುಲಕಸುಬಾಗಿ ಉಳ್ಳ ಮೊಗವೀರರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಸುರು ಕರ್ಕೇರರು 1970ರ ದಶಕದಲ್ಲಿ ಕಾವಸ್‌ಜಿ ಪಟೇಲ್ ಬೀದಿಯಲ್ಲಿ ಆಫೀಸಿನವರ ಮಧ್ಯಾಹ್ನದ ಊಟಕ್ಕೆಂದು ತೆರೆದ ಮಹೇಶ್ ಲಂಚ್ ಹೋಮ್ ಇವತ್ತು ದೇಶದಾಚೆಗೂ ಗೊತ್ತಿರುವ ಹೆಸರು. ಅಪೂರ್ವ, ತೃಷ್ಣಾ ಕೂಡ ಇದೇ ಫೋರ್ಟಿನವು.

ಇಂಥ ಕಡೆ ಈಗ ವೈನ್ ಪಟ್ಟಿಯೂ ಕೈಗೆ ಬರುತ್ತದೆ. ಜೊತೆಗೆ ಒಂದು ಸಲಹೆಯೂ ಉಂಟು: ಮೀನಿಗೆ ಬಿಳಿ ವೈನ್, ಮಾಂಸಕ್ಕೆ ಕೆಂಪು. ವೈನ್ ಕುಡಿಯದವರಿಗೂ ಈ ಮಾತು ಅರ್ಧ ಗೊತ್ತು. ಯಾಕೆ ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಅಪರೂಪ; ಫ್ರೆಂಚರ ಶಿಷ್ಟಾಚಾರ ಎಂದು ಬಿಟ್ಟುಬಿಡುತ್ತೇವೆ. ನನ್ನ ಪ್ರಕಾರ ಅದು ಶಿಷ್ಟಾಚಾರವಲ್ಲ. ಲಿಂಬೆಯ ಹೋಳು, ಅರೆದ ಹುಣಸೆ, ಫ್ರಾನ್ಸಿನ ಬಿಳಿ ವೈನು ಮೂರೂ ಮೀನಿನ ಮೇಲೆ ಮಾಡುವ ಕೆಲಸ ಒಂದೇ.

ಸಮುದ್ರದ ಉಪ್ಪು, ಮೀನಿನ ಉಪಾಯ

ಕೆರೆಯ ಮೀನಿಗೂ ಸಮುದ್ರದ ಮೀನಿಗೂ ವಾಸನೆ ಬೇರೆ. ಅದಕ್ಕೆ ಕಾರಣ ನೀರಿನಲ್ಲೇ ಇದೆ. ಸಮುದ್ರದ ನೀರು ಮೀನಿನ ದೇಹದ್ರವಕ್ಕಿಂತ ಬಹಳ ಉಪ್ಪು. ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿದುಹೋಗುತ್ತದೆ. ಸುಮ್ಮನಿದ್ದರೆ ಮೀನಿನ ಮೈಯ ನೀರೆಲ್ಲ ಕಡಲಿಗೆ ಸೋರಿ ಅದು ನೀರಿನ ನಡುವೆಯೇ ಒಣಗಬೇಕು. ಆದ್ದರಿಂದ ಕಡಲ ಮೀನುಗಳು ತಮ್ಮ ಜೀವಕೋಶಗಳಲ್ಲಿ ಒಂದು ವಸ್ತುವನ್ನು ತುಂಬಿಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು ಇಲ್ಲಿ ಕಾವಲುಕಣ ಎನ್ನೋಣ. ಅದರ ಶಾಸ್ತ್ರೀಯ ಹೆಸರು ಟ್ರೈಮೀಥೈಲ್ ಅಮೀನ್ ಆಕ್ಸೈಡ್. ಕಾವಲುಕಣಕ್ಕೆ ವಾಸನೆ ಇಲ್ಲ, ಉಪದ್ರವವೂ ಇಲ್ಲ. ಇದೀಗ ದೋಣಿಗೆ ಬಿದ್ದ ಮೀನು ನಾರುವುದಿಲ್ಲ ಎಂದು ಮೊಗವೀರರು ಹೇಳುವುದು ಅಕ್ಷರಶಃ ನಿಜ.

ಮೀನು ಸತ್ತ ಮೇಲೆ ಕಥೆ ಬದಲಾಗುತ್ತದೆ. ಬ್ಯಾಕ್ಟೀರಿಯಗಳು ಕಾವಲುಕಣದಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು ತಾವು ಬದುಕುತ್ತವೆ. ಉಳಿಯುವುದು ಟ್ರೈಮೀಥೈಲ್ ಅಮೀನ್. ಇದೇ ಮೀನಿನ ನಾತ, ಹಾಗಾಗಿ ಇದನ್ನು ನಾತಕಣ ಎಂದೇ ಕರೆಯೋಣ. ಅದರ ಸ್ವಭಾವ ತಿಳಿಯಲು ಒಂದೇ ಅಂಕಿ ಸಾಕು: ನೀರು 100 ಡಿಗ್ರಿಯಲ್ಲಿ ಕುದಿದರೆ ನಾತಕಣ ಕುದಿಯುವುದು ಸುಮಾರು 3 ಡಿಗ್ರಿಯಲ್ಲಿ. ಮುಂಬಯಿಯ ಸೆಕೆಯಲ್ಲಂತೂ ಅದು ನಿಲ್ಲುವ ಮಾತೇ ಇಲ್ಲ. ಗಾಳಿಯಲ್ಲಿ ನೂರು ಕೋಟಿ ಕಣಗಳ ನಡುವೆ ಅದು ಬೆರಳೆಣಿಕೆಯಷ್ಟಿದ್ದರೂ ನಮ್ಮ ಮೂಗು ಹಿಡಿದುಬಿಡಬಲ್ಲದು.

ಎಲ್ಲ ಮೀನಿನಲ್ಲೂ ಕಾವಲುಕಣ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಸಿಹಿನೀರಿನ ಮೀನುಗಳಲ್ಲಿ ತೀರ ಕಡಿಮೆ. ತಾಟೆ, ತೊರಕೆಯಂಥ ಮೃದ್ವಸ್ಥಿಯ ಮೀನುಗಳಲ್ಲಿ ಬಹಳ. ಅವುಗಳ ಮೈಯಲ್ಲಿ ಯೂರಿಯಾ ಕೂಡ ತುಂಬಿರುವುದರಿಂದ ಸತ್ತ ಮೇಲೆ ಅಮೋನಿಯದ ಘಾಟೂ ಸೇರಿಕೊಳ್ಳುತ್ತದೆ. ತೊರಕೆ ತಂದ ದಿನ ಕರಾವಳಿಯ ಮನೆಯಲ್ಲಿ ಪುಳಿಮುಂಚಿ ಮಾಡುವುದು, ಅದಕ್ಕೆ ಹುಣಸೆಯ ಕೈ ಧಾರಾಳವಾಗಿರುವುದು ಸುಮ್ಮನೆ ಅಲ್ಲ.

ತುಡುಗು ದನದ ಕೊರಳಿಗೆ ಕೊರಡು

ಹುಳಿ ಎಂದರೆ ರಸಾಯನಶಾಸ್ತ್ರದಲ್ಲಿ ಸರಳವಾದ ಸಂಗತಿ. ನೀರಿಗೆ ಬಿದ್ದಾಗ ಒಂದು ಪುಟ್ಟ ವಿದ್ಯುತ್ ಕಣವನ್ನು, ಅಂದರೆ ಪ್ರೋಟಾನನ್ನು, ಬಿಟ್ಟುಕೊಡುವ ವಸ್ತುವೇ ಆಮ್ಲ. ಈ ಬಿಟ್ಟುಕೊಟ್ಟ ಕಣವನ್ನು ಹುಳಿಕಣ ಎನ್ನೋಣ. ನಾಲಿಗೆಗೆ ಹುಳಿ ಎನಿಸುವುದು ಇದರಿಂದಲೇ.

ನಾತಕಣ ಆಮ್ಲದ ವಿರುದ್ಧ ಗುಣದ್ದು. ಹುಳಿಕಣ ಸಿಕ್ಕಿದರೆ ಬಾಚಿಕೊಳ್ಳುತ್ತದೆ. ಬಾಚಿಕೊಂಡ ಕೂಡಲೇ ಅದಕ್ಕೆ ವಿದ್ಯುತ್ತಿನ ಅಂಶ ಬಂದು, ಸುತ್ತಲಿನ ನೀರು ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಬೇಲಿ ಹಾರಿ ಪೈರಿಗೆ ನುಗ್ಗುವ ತುಡುಗು ದನದ ಕೊರಳಿಗೆ ಹಳ್ಳಿಯಲ್ಲಿ ಮರದ ಕೊರಡು ಕಟ್ಟುತ್ತಾರಲ್ಲ, ಹಾಗೆ. ದನ ಸತ್ತಿಲ್ಲ, ಕಟ್ಟಿಹಾಕಿಯೂ ಇಲ್ಲ, ಹಟ್ಟಿಯಲ್ಲೇ ಓಡಾಡಿಕೊಂಡಿದೆ. ಆದರೆ ಬೇಲಿ ಹಾರಲಾರದು. ಕೊರಡು ಹೊತ್ತ ನಾತಕಣವೂ ಮೀನಿನಲ್ಲೇ ಇದೆ. ಆದರೆ ಮೂಗಿನತ್ತ ಹಾರಲಾರದು. ಹಾರದಿದ್ದರೆ ವಾಸನೆ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಹುಳಿ ಹಿಂಡದ ಮೀನಿನಲ್ಲೂ ಬಹುಪಾಲು ನಾತಕಣಗಳ ಕೊರಳಲ್ಲಿ ಆಗಲೇ ಕೊರಡು ಇರುತ್ತದೆ. ನೀರಿನಂತೆ ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ ಸ್ಥಿತಿಯಲ್ಲಿ, ಅಂದರೆ ಪಿಎಚ್ 7ರಲ್ಲಿ, ಸಾವಿರಕ್ಕೆ ಒಂದೋ ಎರಡೋ ಮಾತ್ರ ಬಿಡಿಯಾಗಿರುತ್ತವೆ. ನಮ್ಮನ್ನು ಕಾಡುವುದು ಆ ಒಂದೆರಡೇ. ಅವು ಹಾರಿಹೋದ ಹಾಗೆ ಉಳಿದವುಗಳಲ್ಲಿ ಇನ್ನೊಂದೆರಡು ಕೊರಡು ಕಳಚಿಕೊಂಡು ಆ ಜಾಗಕ್ಕೆ ಬರುತ್ತವೆ. ಪಿಎಚ್ ಅಳತೆಯಲ್ಲಿ ಒಂದು ಮೆಟ್ಟಿಲು ಇಳಿದರೆ ಹುಳಿಕಣಗಳು ಹತ್ತು ಪಟ್ಟು ಹೆಚ್ಚುತ್ತವೆ, ಬಿಡಿ ನಾತಕಣಗಳು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಮೀನಿನ ಮೇಲ್ಮೈ 7ರಿಂದ 4ಕ್ಕೆ ಇಳಿಯಿತು ಎನ್ನಿ. ಮೂರೇ ಮೆಟ್ಟಿಲು. ಸಾವಿರಕ್ಕೆ ಒಂದೆರಡು ಇದ್ದದ್ದು ಹತ್ತು ಲಕ್ಷಕ್ಕೆ ಒಂದೆರಡಕ್ಕೆ ಇಳಿದಿರುತ್ತದೆ. ಚೂರು ಲಿಂಬೆರಸ ಇಷ್ಟು ದೊಡ್ಡ ವ್ಯತ್ಯಾಸ ಮಾಡುವುದು ಈ ಹತ್ತು ಪಟ್ಟಿನ ಲೆಕ್ಕದಿಂದ. ಪಿಎಚ್ ಎಂಬ ಈ ಅಳತೆಗೋಲನ್ನು 1909ರಲ್ಲಿ ಕೊಟ್ಟವರು ಡೆನ್ಮಾರ್ಕಿನ ಸೋರೆನ್‌ಸನ್. ಅವರು ಕೆಲಸ ಮಾಡುತ್ತಿದ್ದದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಬಿಯರ್ ತಯಾರಕರೇ ಕಟ್ಟಿಸಿದ ಪ್ರಯೋಗಾಲಯ ಅದು.

ಇದನ್ನು ಮನೆಯಲ್ಲೇ ನೋಡಬಹುದು. ಬಂಗುಡೆ ಕೊಯ್ದ ಕೈಗೆ ಲಿಂಬೆಯ ಸಿಪ್ಪೆ ಉಜ್ಜಿ, ನಾತ ಅಡಗುತ್ತದೆ. ತೊಳೆಯದೆ ಅದೇ ಕೈಗೆ ಅಡುಗೆ ಸೋಡ ಕಲಸಿದ ನೀರು ಹಚ್ಚಿದರೆ ನಾತ ಮತ್ತೆ ಏಳುತ್ತದೆ. ಸೋಡ ಹುಳಿಕಣಗಳನ್ನು ಕಿತ್ತುಕೊಂಡಿತು, ಕೊರಡು ಬಿಚ್ಚಿತು. ಹುಳಿ ನಾತವನ್ನು ನಾಶ ಮಾಡುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹಾಳಾದ ಮೀನಿಗೆ ಹುಳಿ ಹಾಕಿ ತಿನ್ನಬಾರದು ಎನ್ನುವುದಕ್ಕೂ ಇದೇ ಕಾರಣ: ಹುಳಿ ಎಚ್ಚರಿಕೆಯ ವಾಸನೆಯನ್ನಷ್ಟೇ ತಡೆಯುತ್ತದೆ, ಬ್ಯಾಕ್ಟೀರಿಯ ಮಾಡಿಟ್ಟ ಕೆಲಸ ಹಾಗೇ ಉಳಿದಿರುತ್ತದೆ.

ಎರಡು ಗಿಡ, ಒಂದು ಹುಳಿ

ಎಲ್ಲ ಹುಳಿಯೂ ಒಂದೇ ವಸ್ತುವಿನಿಂದ ಬರುವುದಿಲ್ಲ. ಲಿಂಬೆಯದು ಸಿಟ್ರಿಕ್ ಆಮ್ಲ. ಸೇಬಿನದು ಮ್ಯಾಲಿಕ್ ಆಮ್ಲ. ಮಲೆನಾಡಿನಲ್ಲಿ ಉಪ್ಪಾಗೆ ಎನ್ನುತ್ತಾರಲ್ಲ, ಮಲಯಾಳಿಗಳು ಮೀನಿನ ಸಾರಿಗೆ ಒಣಗಿಸಿ ಹಾಕುವ ಹಣ್ಣು, ಅದರ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ಲೂಯಿಸ್ ಮತ್ತು ನೀಲಕಂಠನ್. ಅವರು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು. ಉಪ್ಪಾಗೆಯ ದಾಯಾದಿಯಾದ ಪುನರ್ಪುಳಿಯಲ್ಲೂ ಈ ಆಮ್ಲವಿದೆ.

ಹುಣಸೆ ಇವೆಲ್ಲಕ್ಕಿಂತ ಬೇರೆ. ಅದರ ಹುಳಿ ಟಾರ್ಟಾರಿಕ್ ಆಮ್ಲ. ಹಣ್ಣುಗಳ ಲೋಕದಲ್ಲಿ ಈ ಆಮ್ಲವನ್ನು ರಾಶಿಯಾಗಿ ಕೂಡಿಡುವ ಗಿಡಗಳು ಬಹಳ ಕಡಿಮೆ. ಅವುಗಳಲ್ಲಿ ಮುಖ್ಯವಾದವು ಎರಡು: ನಮ್ಮ ಸಾಲುಮರದ ಹುಣಸೆ, ಮತ್ತು ವೈನ್ ಮಾಡುವ ದ್ರಾಕ್ಷಿ. ಒಂದು ಬೇಳೆಕಾಳುಗಳ ಕುಟುಂಬದ ದೊಡ್ಡ ಮರ, ಇನ್ನೊಂದು ಹಂಬಿ ಹಬ್ಬುವ ಬಳ್ಳಿ. ಹತ್ತಿರದ ನಂಟಿಲ್ಲ. ಹಾಗಿದ್ದೂ ಎರಡರಲ್ಲಿ ಕೂಡುವುದು ಒಂದೇ ಆಮ್ಲ.

ದ್ರಾಕ್ಷಿ ಬಳ್ಳಿ ಇದನ್ನು ತಯಾರಿಸುವುದು ವಿಟಮಿನ್ ಸಿಯನ್ನು ಒಡೆದು. ಈ ದಾರಿಯ ಒಂದು ಮುಖ್ಯ ಹೆಜ್ಜೆ ಖಚಿತವಾದದ್ದು 2006ರಲ್ಲಿ. ಹಸಿ ಕಾಯಿಯಾಗಿದ್ದಾಗ ದ್ರಾಕ್ಷಿಯಲ್ಲಿ ಮ್ಯಾಲಿಕ್, ಟಾರ್ಟಾರಿಕ್ ಎರಡೂ ಹುಳಿಗಳಿರುತ್ತವೆ. ಹಣ್ಣಾಗುವಾಗ ಬಳ್ಳಿ ಮ್ಯಾಲಿಕ್ ಆಮ್ಲವನ್ನು ಉಸಿರಾಟಕ್ಕೆ ಉರುವಲಾಗಿ ಬಳಸಿಕೊಳ್ಳುತ್ತದೆ. ಬಿಸಿಲು ಹೆಚ್ಚಾದಷ್ಟೂ ಅದು ಬೇಗ ಖಾಲಿ. ಟಾರ್ಟಾರಿಕ್ ಆಮ್ಲವನ್ನು ಅದು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ತಣ್ಣಗಿಟ್ಟ ಬಿಳಿ ವೈನಿನ ತಳದಲ್ಲಿ ಕೆಲವೊಮ್ಮೆ ಕಲ್ಲುಸಕ್ಕರೆಯಂಥ ಹರಳು ಕಾಣುತ್ತದೆ. ಕಲಬೆರಕೆಯೇನೂ ಅಲ್ಲ, ಅದು ಇದೇ ಆಮ್ಲದ ಪೊಟ್ಯಾಸಿಯಂ ಲವಣ. 1848ರಲ್ಲಿ ಲೂಯಿ ಪಾಶ್ಚರ್ ಈ ಆಮ್ಲದ ಮತ್ತೊಂದು ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಎಡ, ಬಲ ಎಂದು ಆಯ್ದು ಬೇರ್ಪಡಿಸಿದರು. ಕಣಗಳಿಗೂ ಎಡಗೈ ಬಲಗೈಗಳಂಥ ಎರಡು ರೂಪಗಳಿವೆ ಎಂಬ ದೊಡ್ಡ ಅರಿವು ರಸಾಯನಶಾಸ್ತ್ರಕ್ಕೆ ಬಂದದ್ದು ಅಲ್ಲಿಂದ. ಹುಣಸೆಯಲ್ಲಿರುವುದೂ ದ್ರಾಕ್ಷಿಯಲ್ಲಿರುವುದೂ ಅದೇ ಬಲಗಡೆಯ ರೂಪ.

ಅಂದ ಮೇಲೆ ಗಸಿಯ ಬಟ್ಟಲಲ್ಲಿರುವ ಹುಳಿ ಮತ್ತು ಪಕ್ಕದ ಗ್ಲಾಸಿನಲ್ಲಿರುವ ಹುಳಿ ಕಣಕ್ಕೆ ಕಣ ಒಂದೇ ಎಂದಾಯಿತು. ವೈನನ್ನು ಹೊರಗಿನದು ಎಂದು ನೋಡುವ ನಮಗೆ ಇದು ಸ್ವಲ್ಪ ಯೋಚಿಸಬೇಕಾದ ವಿಷಯ.

ಲುವಾರ್ ದಂಡೆಯಿಂದ ನಾಸಿಕಕ್ಕೆ

ಬಿಳಿ ವೈನಿನ ತಳಿಗಳು ನೂರಾರು. ಈ ಅಧ್ಯಾಯಕ್ಕೆ ಶೆನಿನ್ ಬ್ಲಾಂಕ್ ಎಂಬ ಒಂದನ್ನೇ ಆಯ್ದುಕೊಂಡಿದ್ದೇನೆ. ಫ್ರಾನ್ಸಿನ ಲುವಾರ್ ನದಿಯ ಕಣಿವೆ ಇದರ ತವರು. ಅಲ್ಲಿಯ ತೂರ್ ಪಟ್ಟಣದ ಪಕ್ಕದ ವೂವ್ರೆ ಎಂಬ ಊರು ತನ್ನ ಹೆಸರಿನ ವೈನಿಗೆ 1936ರಿಂದ ಕಾನೂನಿನ ರಕ್ಷಣೆ ಪಡೆದಿದೆ. ನಮ್ಮಲ್ಲಿ ಬ್ಯಾಡಗಿ ಮೆಣಸಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆಯಲ್ಲ, ಅಂಥದೇ ರಕ್ಷಣೆ. ಅಲ್ಲಿಯ ಗುಡ್ಡಗಳು ಮೆತ್ತನೆಯ ಸುಣ್ಣಕಲ್ಲಿನವು. ಮನೆ, ಅರಮನೆ ಕಟ್ಟಲು ಆ ಕಲ್ಲನ್ನು ಕೊರೆದು ತೆಗೆದ ಗುಹೆಗಳಲ್ಲೇ ವೈನನ್ನು ತಂಪಾಗಿ ಇಡುತ್ತಾರೆ.

ಶೆನಿನ್‌ನ ಹೆಗ್ಗಳಿಕೆ ಅದರ ಹುಳಿ. ಹಣ್ಣು ಪೂರ್ತಿ ಮಾಗಿ ಸಕ್ಕರೆ ತುಂಬಿದ ಮೇಲೂ ಹುಳಿ ಬಿಟ್ಟುಕೊಡದ ತಳಿ ಇದು. ಆದ್ದರಿಂದಲೇ ವೂವ್ರೆಯಲ್ಲಿ ಒಂದೇ ದ್ರಾಕ್ಷಿಯಿಂದ ಸಿಹಿಯೇ ಇಲ್ಲದ್ದು, ಅರೆಸಿಹಿ, ಜೇನಿನಂಥ ಸಿಹಿ, ನೊರೆ ಬರುವಂಥದ್ದು ಎಂದು ನಾಲ್ಕೂ ಬಗೆ ಮಾಡಲು ಬರುತ್ತದೆ. ಹುಳಿ ಗಟ್ಟಿಯಾಗಿದ್ದರೆ ಸಿಹಿ ಎಷ್ಟಿದ್ದರೂ ನಾಲಿಗೆಗೆ ಜಿಡ್ಡು ಎನಿಸುವುದಿಲ್ಲ. ಆ ನದಿಯ ಮೀನಿಗೆ ಅಲ್ಲಿಯವರು ಮಾಡುವ ಬೆಣ್ಣೆಯ ಸಾಸ್‌ಗೂ ಬಿಳಿ ವೈನ್, ವಿನಿಗರ್ ಎರಡನ್ನೂ ಕುದಿಸಿ ಇಂಗಿಸಿ ಹಾಕುತ್ತಾರೆ. ನಮ್ಮ ತೆಂಗಿನಕಾಯಿಯ ಜಾಗದಲ್ಲಿ ಬೆಣ್ಣೆ, ಹುಣಸೆಯ ಜಾಗದಲ್ಲಿ ವೈನು. ಜಿಡ್ಡು, ಹುಳಿ, ಮೀನು: ಅಡುಗೆಯ ಕಟ್ಟು ಬದಲಾಗಿಲ್ಲ.

ಇದೇ ಗುಣ ಅದನ್ನು ಭಾರತಕ್ಕೂ ತಂದಿತು. ಲುವಾರ್ ಕಣಿವೆ ಭೂಮಧ್ಯರೇಖೆಯಿಂದ ಸುಮಾರು 47 ಡಿಗ್ರಿ ಉತ್ತರದಲ್ಲಿದೆ. ನಾಸಿಕ 20 ಡಿಗ್ರಿಯಲ್ಲಿ. ಇಂಥ ಬಿಸಿಲಿಗೆ ಮ್ಯಾಲಿಕ್ ಆಮ್ಲ ಉಳಿಯುವುದು ಕಷ್ಟ. ಹುಳಿ ಕಡಿಮೆ ಇರುವ ತಳಿಯಾದರೆ ವೈನು ಸಪ್ಪೆಯಾಗುತ್ತದೆ. ಟಾರ್ಟಾರಿಕ್ ಹುಳಿ ಗಟ್ಟಿಯಾಗಿರುವ ತಳಿಗೆ ಇಲ್ಲಿ ಅನುಕೂಲ ಹೆಚ್ಚು. ನಮ್ಮ ಬೆಳೆಗಾರರು ಬಳ್ಳಿಯನ್ನು ವರ್ಷಕ್ಕೆ ಎರಡು ಸಲ, ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆಗಾಲ ಮುಗಿದಾಗ ಮತ್ತೊಮ್ಮೆ, ಚಾಟನಿ ಮಾಡಿ ಹಣ್ಣು ಚಳಿಗಾಲದಲ್ಲಿ ಮಾಗುವಂತೆ ನೋಡಿಕೊಳ್ಳುತ್ತಾರೆ. ಚಳಿಯ ರಾತ್ರಿಗಳು ಹುಳಿಯನ್ನು ಕಾಪಾಡುತ್ತವೆ. ನಾಸಿಕದ ಸುಲಾ ವೈನ್‌ಯಾರ್ಡ್ಸ್ 2000ದಲ್ಲಿ ಮಾರುಕಟ್ಟೆಗೆ ತಂದ ತನ್ನ ಮೊದಲ ವೈನುಗಳಲ್ಲೇ ಶೆನಿನ್ ಬ್ಲಾಂಕ್ ಇತ್ತು. ಕನ್ನಡದ ಮಾತು ಇಂದಿಗೂ ಕೇಳಿಬರುವ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲೂ ಈಗ ಈ ಬಳ್ಳಿ ಇದೆ. ಫೋರ್ಟಿನ ಮೇಜಿಗೆ ಬರುವ ಶೆನಿನ್ ಬಹುತೇಕ ಸಹ್ಯಾದ್ರಿಯ ಆಚೆ ಬದಿಯಿಂದ ಇಳಿದು ಬಂದದ್ದೇ, ಹಡಗಿನಲ್ಲಿ ಬಂದದ್ದಲ್ಲ.

ಕೆಂಪು ವೈನಿನ ತೊಡಕು

ಹುಳಿ ಕೆಂಪು ವೈನಿನಲ್ಲೂ ಇದೆ. ಟಾರ್ಟಾರಿಕ್ ಆಮ್ಲವೇ ಇದೆ. ಹಾಗಾದರೆ ಅದೇಕೆ ಮೀನಿಗೆ ಒಗ್ಗುವುದಿಲ್ಲ?

ಇದಕ್ಕೆ ಉತ್ತರ ಸಿಕ್ಕಿದ್ದು 2009ರಲ್ಲಿ, ಜಪಾನಿನಿಂದ. ಅಲ್ಲಿಯ ಮರ್ಸಿಯನ್ ಎಂಬ ವೈನ್ ಕಂಪನಿಯ ತಕಾಯುಕಿ ತಮುರ ಮತ್ತು ಸಂಗಡಿಗರು 38 ಕೆಂಪು, 26 ಬಿಳಿ ವೈನುಗಳನ್ನು ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಮಾಂಸದೊಂದಿಗೆ ರುಚಿ ನೋಡಿಸಿದರು. ಕೆಲವು ವೈನುಗಳ ಜೊತೆ ಮಾತ್ರ ಬಾಯಲ್ಲಿ ಕೆಟ್ಟ ಮೀನಿನ ವಾಸನೆ ಉಳಿಯುತ್ತಿತ್ತು. ಆ ವೈನುಗಳನ್ನೆಲ್ಲ ಜೋಡಿಸುವ ಎಳೆ ಬಣ್ಣ ಅಲ್ಲ, ಕಬ್ಬಿಣ. ಲೀಟರಿಗೆ 2 ಮಿಲಿಗ್ರಾಂ ದಾಟಿದರೆ ವಾಸನೆ ಜೋರಾಗುತ್ತಿತ್ತು. ಕಬ್ಬಿಣವನ್ನು ಹಿಡಿದಿಡುವ ವಸ್ತು ಬೆರೆಸಿದರೆ ತಗ್ಗುತ್ತಿತ್ತು. ಕಬ್ಬಿಣ ಮಣ್ಣಿನಿಂದ, ಹಣ್ಣಿನ ಮೇಲಿನ ಧೂಳಿನಿಂದ, ಯಂತ್ರದ ಪಾತ್ರೆಗಳಿಂದ ವೈನಿಗೆ ಸೇರುತ್ತದೆ.

ಇಲ್ಲಿ ಏಳುವ ವಾಸನೆ ನಾತಕಣದ್ದಲ್ಲ, ಕೊಬ್ಬಿನದು. ಮೀನಿನ ಎಣ್ಣೆ ಒಳ್ಳೆಯದು ಎಂದು ವೈದ್ಯರು ಹೇಳುವ ಒಮೇಗಾ-3 ಕೊಬ್ಬು ಗಾಳಿಗೆ ಬಲು ಬೇಗ ಕೆಡುವಂಥದ್ದು. ಹೀಗೆ ಅರೆಕೆಟ್ಟ ಕೊಬ್ಬಿನ ಕಣವನ್ನು ಕಬ್ಬಿಣ ಕ್ಷಣಾರ್ಧದಲ್ಲಿ ಮುರಿಯುತ್ತದೆ, ಬಾಯೊಳಗೇ. ಮುರಿದ ತುಂಡುಗಳೆಲ್ಲ ಹಗುರ, ಎಲ್ಲವೂ ಹಾರಬಲ್ಲವು. ಇವು ಹುಳಿಕಣವನ್ನು ಬಾಚಿಕೊಳ್ಳುವ ಜಾತಿಯವಲ್ಲವಾದ್ದರಿಂದ ಯಾವ ಕೊರಡೂ ಇವನ್ನು ತಡೆಯುವುದಿಲ್ಲ. ಕೊಬ್ಬು ಹೆಚ್ಚಿರುವ ಬೂತಾಯಿ, ಬಂಗುಡೆಗೆ ಕೆಂಪು ವೈನ್ ಇನ್ನೂ ದೂರ ಎಂದು ನಾನು ಹೇಳುವುದು ಈ ಲೆಕ್ಕದಿಂದ. ಕಬ್ಬಿಣ ಕಡಿಮೆಯಿರುವ ಕೆಂಪು ವೈನ್ ಸಿಕ್ಕರೆ ಅಂಜಲಿನ ಜೊತೆ ಕುಡಿಯಲು ಶಾಸ್ತ್ರದ ಅಡ್ಡಿಯೇನೂ ಇಲ್ಲ. ಆದರೆ ಕಬ್ಬಿಣದ ಪ್ರಮಾಣವನ್ನು ಬಾಟಲಿಯ ಚೀಟಿಯಲ್ಲಿ ಬರೆಯುವುದಿಲ್ಲ. ಅದಕ್ಕೇ ಬಿಳಿ ಎಂಬ ಹಳೆಯ ಸಲಹೆ ಇನ್ನೂ ಉಪಯೋಗಕ್ಕೆ ಬರುತ್ತಿದೆ.

ಖಾರದ ಮುಂದೆ

ಫ್ರೆಂಚ್ ಊಟದಲ್ಲಿ ಅಷ್ಟಾಗಿ ಇಲ್ಲದ, ನಮ್ಮಲ್ಲಿ ತಪ್ಪದ ಇನ್ನೊಂದು ವಿಷಯ ಮೆಣಸಿನ ಖಾರ. ಖಾರ ರುಚಿಯಲ್ಲ, ಉರಿ. ಬಿಸಿ ತಾಗಿದಾಗ ಸುದ್ದಿ ಕಳಿಸುವ ನರತುದಿಯ ಒಂದು ಬಾಗಿಲನ್ನೇ ಮೆಣಸಿನ ಕ್ಯಾಪ್ಸೈಸಿನ್ ತೆರೆಯುತ್ತದೆ. ಈ ಬಾಗಿಲನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಗುರುತಿಸಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಸಾಮಾನ್ಯವಾಗಿ ಅದು 42 ಡಿಗ್ರಿಯ ಸುಮಾರಿಗೆ ತೆರೆಯುತ್ತದೆ. ಮದ್ಯಸಾರ ತಾಗಿದಾಗ 34ರ ಸುಮಾರಿಗೇ ತೆರೆಯುತ್ತದೆ ಎಂದು 2002ರ ಒಂದು ಅಧ್ಯಯನ ತೋರಿಸಿತು. ನಮ್ಮ ಬಾಯಿ ಇರುವುದೇ 37ರ ಆಸುಪಾಸಿನಲ್ಲಿ! ಹಾಗಾಗಿ ಮದ್ಯಸಾರ ಜಾಸ್ತಿ ಇರುವ ವೈನು ಗಸಿಯ ಜೊತೆ ಕುಡಿದರೆ ಖಾರ ಏರುತ್ತದೆ, ಇಳಿಯುವುದಿಲ್ಲ. ತಂಪು ಮತ್ತು ಸಿಹಿ ಆ ಉರಿಯನ್ನು ತಗ್ಗಿಸುತ್ತವೆ.

ಇಷ್ಟು ಗೊತ್ತಿದ್ದರೆ ಆಯ್ಕೆ ತಾನಾಗಿ ಆಗುತ್ತದೆ. ಕಾಣೆ ರವಾ ಫ್ರೈಗೆ, ಬೆಣ್ಣೆ ಬೆಳ್ಳುಳ್ಳಿ ಕಾಳುಮೆಣಸಿನ ಏಡಿಗೆ ಸಿಹಿಯಿಲ್ಲದ ವೂವ್ರೆ. ಕರಿದ ಜಿಡ್ಡಿಗೂ ಬೆಣ್ಣೆಗೂ ಆ ಹುಳಿ ಸಾಕು, ಲಿಂಬೆ ಹೋಳನ್ನು ಪಕ್ಕಕ್ಕಿಡಬಹುದು. ನೀರುದೋಸೆ ಮತ್ತು ಸಿಗಡಿ ಗಸಿಗೆ ಅರೆಸಿಹಿಯದ್ದು, ಚೆನ್ನಾಗಿ ತಣ್ಣಗಾಗಿರಬೇಕು. ನಾಸಿಕದ ಹಲವು ಶೆನಿನ್‌ಗಳು ಹೇಗೂ ಸ್ವಲ್ಪ ಸಿಹಿ ಉಳಿಸಿಕೊಂಡಿರುವುದರಿಂದ ಗಸಿಗೆ ದುಬಾರಿ ಫ್ರೆಂಚ್ ಬಾಟಲಿಯೇ ಬೇಕೆಂದಿಲ್ಲ. ಬ್ಯಾಡಗಿ ಮೆಣಸಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗಸಿ ಕೆಂಪಗೆ ಕಂಡರೂ ವೈನನ್ನು ತಿಂದುಹಾಕುವಷ್ಟು ಉರಿಯುವುದಿಲ್ಲ. ಪುಳಿಮುಂಚಿಗೆ ಮಾತ್ರ ಯಾವ ಶೆನಿನ್ನೂ ನನಗೆ ಸರಿಕಾಣುವುದಿಲ್ಲ. ತಟ್ಟೆಯಲ್ಲಿ ಹುಳಿ ಗ್ಲಾಸಿಗಿಂತ ಹೆಚ್ಚಾದರೆ ವೈನು ನೀರಾಗಿ ತೋರುತ್ತದೆ. ಅಲ್ಲಿ ಹುಣಸೆ ತನ್ನ ಕೆಲಸವನ್ನು ಆಗಲೇ ಮುಗಿಸಿದೆ, ಎರಡನೆಯ ಹುಳಿಗೆ ಜಾಗವಿಲ್ಲ. ಕುಸುಬಲಕ್ಕಿ ಅನ್ನ ಸಾಕು.

ವೈನ್ ಬೇಡ ಎನ್ನುವವರಿಗೆ ಸೋಲ್‌ಕಡಿ ಇದೆ. ಪುನರ್ಪುಳಿಯ ಹುಳಿಕಣಗಳು ನಾತಕಣಗಳಿಗೆ ಕೊರಡು ಕಟ್ಟುತ್ತವೆ, ತೆಂಗಿನ ಹಾಲಿನ ಜಿಡ್ಡು ಕ್ಯಾಪ್ಸೈಸಿನನ್ನು ಕರಗಿಸಿಕೊಳ್ಳುತ್ತದೆ, ಉರಿ ಏರಿಸುವ ಮದ್ಯಸಾರ ಅದರಲ್ಲಿ ಇಲ್ಲವೇ ಇಲ್ಲ. ಖಾರದ ಮೀನಿನ ಮುಂದೆ, ರಸಾಯನಶಾಸ್ತ್ರದ ಲೆಕ್ಕದಲ್ಲಿ, ಅದು ವೂವ್ರೆಗಿಂತ ಒಂದು ಹೆಜ್ಜೆ ಮುಂದೆಯೇ ಇದೆ.